ಬೊಜ್ಜಿನ ಆಪರೇಷನ್ ನಂತರ ಎಷ್ಟು ತೂಕಕ್ಕೆ ಇಳಿಯಬೇಕು?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದವರು ಡಾಕ್ಟರ ಬಳಿ ಮೊದಲು ಕೇಳುವುದೇ, ಕೊನೆಗೆ ಎಷ್ಟು ಕೆಜಿಗೆ ಬಂದು ನಿಲ್ಲಬಹುದು ಎಂದು. ಈ ಅಂಕಿಯನ್ನು ಗುರಿ ತೂಕ ಎನ್ನುತ್ತಾರೆ. ಹೆಚ್ಚಿನವರು ಅದನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೇ ಬಂದಿರುತ್ತಾರೆ. ಕೆಲವರಿಗೆ ಅದು ಮದುವೆಯ ಹೊತ್ತಿನಲ್ಲಿದ್ದ ತೂಕ, ಕೆಲವರಿಗೆ ಕಾಲೇಜಿನ ದಿನಗಳ ತೂಕ, ಉಳಿದವರಿಗೆ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ತಮ್ಮ ಎತ್ತರದ ಎದುರು ಕಾಣುವ ತೂಕ. ಇವುಗಳಲ್ಲಿ ಯಾವುದೂ ಶಸ್ತ್ರಚಿಕಿತ್ಸೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನೋಡಿ ಹುಟ್ಟಿದ ಅಂಕಿಯಲ್ಲ. ಹೀಗಾಗಿ ಆರೋಗ್ಯದ ಮಟ್ಟಿಗೆ ಚೆನ್ನಾಗಿಯೇ ಫಲ ಕೊಟ್ಟ ಆಪರೇಷನ್ ಕೂಡ ಎಷ್ಟೋ ಜನರ ಪಾಲಿಗೆ ವಿಫಲವಾದಂತೆ ತೋರುತ್ತದೆ.

ಭಾರತದಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆಯ ಶಸ್ತ್ರಚಿಕಿತ್ಸೆ. ಸ್ಲೀವ್ ಎಂದು ಕರೆಯುವುದರಲ್ಲಿ ಜಠರದ ಮುಕ್ಕಾಲು ಪಾಲು ಅಥವಾ ಅದಕ್ಕೂ ಸ್ವಲ್ಪ ಹೆಚ್ಚನ್ನು ಉದ್ದುದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವೊಂದನ್ನು ಮಾಡಿ ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ತಿಂದದ್ದು ಜಠರದ ಉಳಿದ ಭಾಗಕ್ಕೂ ಕರುಳಿನ ಮೊದಲ ಭಾಗಕ್ಕೂ ಹೋಗದೆ ಮುಂದೆ ಸಾಗುತ್ತದೆ. ಎರಡರಲ್ಲೂ ಹೊಟ್ಟೆಯ ಜಾಗ ಚಿಕ್ಕದಾಗುವುದರ ಜೊತೆಗೆ ಹಸಿವು ಮತ್ತು ಹೊಟ್ಟೆ ತುಂಬಿದ ಭಾವವನ್ನು ಮಿದುಳಿಗೆ ತಿಳಿಸುವ ಹಾರ್ಮೋನುಗಳ ಪ್ರಮಾಣವೂ ಬದಲಾಗುತ್ತದೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಲ್ಲೇ. ಊಟದ ನಂತರ ಸಾಕು ಎನ್ನಿಸುವ ಜಿಎಲ್‌ಪಿ-1 ಆಪರೇಷನ್ ನಂತರ ಏರುತ್ತದೆ. ಮೊದಲ ವರ್ಷ ತೂಕ ಸಲೀಸಾಗಿ ಇಳಿಯುವುದಕ್ಕೆ ಕಾರಣ ಇದು.

ಗೋಡೆಯ ಚಾರ್ಟಿನ ಹಿಂದೆ ಹಳೆಯ ಕಥೆಯೊಂದಿದೆ. 1943ರಲ್ಲಿ ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಎಂಬ ಜೀವವಿಮೆ ಕಂಪನಿ, ಯಾವ ಎತ್ತರಕ್ಕೆ ಎಷ್ಟು ತೂಕವಿರುವ ಪಾಲಿಸಿದಾರರು ಹೆಚ್ಚು ಕಾಲ ಬದುಕುತ್ತಾರೆ ಎಂಬುದನ್ನು ನೋಡಿ ಒಂದು ಪಟ್ಟಿ ಹೊರತಂದಿತು. 1959ರಲ್ಲಿ, ಮತ್ತೆ 1983ರಲ್ಲಿ ಅದನ್ನು ಪರಿಷ್ಕರಿಸಿತು. ವಿಮೆಯ ಅಂಕಿಅಂಶದಿಂದ ಹುಟ್ಟಿದ ಈ ಪಟ್ಟಿ ದಶಕಗಳ ಕಾಲ ಬೊಜ್ಜಿನ ಸರ್ಜನ್‌ಗಳ ಮೇಜಿನ ಮೇಲೂ ಇತ್ತು. ಆಮೇಲೆ ಬಿಎಂಐ ಬಂತು. ಕೆಜಿಯಲ್ಲಿ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು ಮೊದಲು ಕಂಡುಕೊಂಡವನು 19ನೇ ಶತಮಾನದ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಅದಕ್ಕೆ ಈಗಿನ ಹೆಸರಿಟ್ಟವನು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್. ಕೆಟ್ಲೆಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. ಒಬ್ಬ ರೋಗಿ ಎಲ್ಲಿಗೆ ಹೋಗಿ ಮುಟ್ಟಬೇಕು ಎಂದು ಹೇಳಲು ಅವನು ಹೊರಟಿರಲಿಲ್ಲ.

ಭಾರತೀಯರಿಗೆ ಈ ಚಾರ್ಟು ಇನ್ನಷ್ಟು ಬಿಗಿ. ಬಿಎಂಐ 25ರವರೆಗೆ ಸರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಿತಿಯಾದರೆ, ಭಾರತದ ತಜ್ಞರು 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು ಎನ್ನುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊ ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು, ಕೈಕಾಲಿನಲ್ಲಿ ಕಡಿಮೆ ಸ್ನಾಯು ಇರುವುದು ಈ ಭಾಗದವರ ಮೈಕಟ್ಟು. ಕಾಯಿಲೆಯ ಅಪಾಯ ಯಾರಿಗಿದೆ ಎಂದು ಮುಂಚೆಯೇ ಪತ್ತೆ ಹಚ್ಚಲು 23ರ ಗೆರೆ ಬಲು ಉಪಯುಕ್ತ. ಬಿಎಂಐ 40 ದಾಟಿದವರ ಕೈಗೆ ಅದನ್ನೇ ಗುರಿಯೆಂದು ಕೊಟ್ಟರೆ ಮಾತ್ರ ಲೆಕ್ಕ ಎಡವುತ್ತದೆ.

ಎಲ್ಲಿ ಎಡವುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. 160 ಸೆಂಟಿಮೀಟರ್ ಎತ್ತರ, 108 ಕೆಜಿ ತೂಕದ ಹೆಂಗಸೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಿಎಂಐ 42. ಭಾರತದ ಚಾರ್ಟಿನ ಪ್ರಕಾರ ಅವಳು 59 ಕೆಜಿ ಒಳಗಿರಬೇಕು. ಸ್ಲೀವ್ ಅಥವಾ ಬೈಪಾಸ್ ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷದಲ್ಲಿ ಸಾಮಾನ್ಯವಾಗಿ ತಮ್ಮ ಒಟ್ಟು ತೂಕದ ಶೇ 25ರಿಂದ 30ರಷ್ಟು ಇಳಿಯುತ್ತಾರೆ; ಬೈಪಾಸ್‌ನಲ್ಲಿ ತುಸು ಹೆಚ್ಚು, ಸ್ಲೀವ್‌ನಲ್ಲಿ ತುಸು ಕಡಿಮೆ. ಎಂದರೆ ಈಕೆ 27ರಿಂದ 32 ಕೆಜಿ ಕಳೆದುಕೊಂಡು 76ರಿಂದ 81 ಕೆಜಿಯ ನಡುವೆ ಎಲ್ಲೋ ಬಂದು ನಿಲ್ಲುತ್ತಾಳೆ. ಬಿಎಂಐ ಆಗಲೂ 30ರ ಆಸುಪಾಸು. ಚಾರ್ಟು ಅವಳನ್ನು ಬೊಜ್ಜಿನ ಸಾಲಿನಲ್ಲೇ ಇಡುತ್ತದೆ. ಮನಸ್ಸಿನ 59ಕ್ಕೂ ತಕ್ಕಡಿಯ 80ಕ್ಕೂ ನಡುವಿನ ಇಪ್ಪತ್ತು ಕೆಜಿಯೇ ಮುಂದಿನ ನಿರಾಸೆಯ ಮೂಲ. ಅಷ್ಟು ಹೊತ್ತಿಗೆ ಅವಳು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿರಬಹುದು, ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿರಬಹುದು. ಚಾರ್ಟಿಗೆ ಅದು ಗೊತ್ತಾಗುವುದಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ, ಇಳಿಕೆಯನ್ನು ಎರಡು ರೀತಿಯಲ್ಲಿ ಅಳೆಯುವ ರೂಢಿ. ಹಿಂದಿನಿಂದ ಬಂದದ್ದು ‘ಹೆಚ್ಚುವರಿ ತೂಕ’ದ ಲೆಕ್ಕ. ಬಿಎಂಐ 25ಕ್ಕೆ ಸಲ್ಲುವ ತೂಕಕ್ಕಿಂತ ಮೇಲಿರುವುದೆಲ್ಲ ಹೆಚ್ಚುವರಿ, ಅದರಲ್ಲಿ ಶೇಕಡಾ ಎಷ್ಟು ಹೋಯಿತು ಎಂದು ನೋಡುವುದು. ಇದರಲ್ಲಿ ಅರ್ಧ ಹೋದರೆ ಶಸ್ತ್ರಚಿಕಿತ್ಸೆ ಯಶಸ್ವಿ ಎಂದು ಸರ್ಜನ್‌ಗಳು ಬಹಳ ಕಾಲದಿಂದ ಎಣಿಸುತ್ತಾ ಬಂದಿದ್ದಾರೆ. ಮೇಲಿನ ಉದಾಹರಣೆಯ ಹೆಂಗಸಿಗೆ ಹೆಚ್ಚುವರಿ 44 ಕೆಜಿ. ಅವಳು 86 ಕೆಜಿಗೆ ಬಂದರೂ ವೈದ್ಯಕೀಯ ಪುಸ್ತಕದ ಪ್ರಕಾರ ಪಾಸು. ಡಾಕ್ಟರು “ಶೇ 60ರಷ್ಟು ಇಳಿಯುತ್ತದೆ” ಎಂದಾಗ ಎದುರಿಗೆ ಕೂತವರಿಗೆ ಕೇಳಿಸುವುದು ಒಟ್ಟು ತೂಕದ ಶೇ 60. ಅವರು ಹೇಳಿದ್ದು ಹೆಚ್ಚುವರಿಯ ಶೇ 60. ಒಂದೇ ಮಾತು, 65 ಕೆಜಿಗೂ 26 ಕೆಜಿಗೂ ಇರುವಷ್ಟು ಅಂತರ.

ಈ ಹಳೆಯ ಲೆಕ್ಕದಲ್ಲಿ ಅನ್ಯಾಯವೂ ಇದೆ. ಅದೇ 160 ಸೆಂಟಿಮೀಟರ್ ಎತ್ತರದ, 92 ಕೆಜಿಯ ಮತ್ತೊಬ್ಬಳು ತನ್ನ ತೂಕದ ಕಾಲು ಭಾಗ ಕಳೆದುಕೊಂಡರೆ ಹೆಚ್ಚುವರಿಯಲ್ಲಿ ಶೇ 82 ಹೋದಂತೆ. 108 ಕೆಜಿಯವಳು ಅದೇ ಕಾಲು ಭಾಗ ಇಳಿದರೆ ಶೇ 61. 175 ಸೆಂಟಿಮೀಟರ್ ಎತ್ತರದ, 160 ಕೆಜಿಯ ಗಂಡಸು ಕಾಲು ಭಾಗ ಎಂದರೆ 40 ಕೆಜಿ ಇಳಿದು 120ಕ್ಕೆ ಬಂದರೂ ಅವನ ಅಂಕ ಶೇ 48, ಅಂದರೆ ಫೇಲು. ಮೂವರ ಮೈಯೂ ಶಸ್ತ್ರಚಿಕಿತ್ಸೆಗೆ ಸ್ಪಂದಿಸಿದ್ದು ಒಂದೇ ಪ್ರಮಾಣದಲ್ಲಿ. ಈಚೆಗೆ ತಜ್ಞರು ಒಟ್ಟು ತೂಕದ ಶೇಕಡಾವಾರನ್ನೇ ಹೆಚ್ಚಾಗಿ ಬಳಸುತ್ತಿರುವುದು ಈ ಕಾರಣಕ್ಕೆ. ರೋಗಿಗಳೂ ಹಾಗೆಯೇ ಯೋಚಿಸುವುದು ಲೇಸು. ಲೆಕ್ಕ ಶುರುವಾಗಬೇಕಾದದ್ದು ಈಗಿರುವ ತೂಕದಿಂದ ಕೆಳಕ್ಕೆ. ಚಾರ್ಟಿನ ತೂಕದಿಂದ ಹಿಂದಕ್ಕೆ ಎಣಿಸಿದರೆ ನಿರಾಸೆ ಕಟ್ಟಿಟ್ಟದ್ದು.

ಆಸೆಗೂ ವಾಸ್ತವಕ್ಕೂ ಇರುವ ಅಂತರವನ್ನು ಅಳೆದು ನೋಡಿದ ಅಧ್ಯಯನವೊಂದಿದೆ. ಅದು ಶಸ್ತ್ರಚಿಕಿತ್ಸೆಯದಲ್ಲ, ಆಹಾರ ಮತ್ತು ವ್ಯಾಯಾಮದ ಚಿಕಿತ್ಸೆಯದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ್ದು. ಅರವತ್ತು ಮಂದಿ ಹೆಂಗಸರನ್ನು ಕನಸಿನ ತೂಕ ಯಾವುದು, ಖುಷಿ ಕೊಡುವ ತೂಕ ಯಾವುದು, ಒಪ್ಪಿಕೊಳ್ಳಬಹುದಾದದ್ದು ಯಾವುದು, ನಿರಾಸೆ ತರುವಂಥದ್ದು ಯಾವುದು ಎಂದು ಕೇಳಲಾಯಿತು. ಸರಾಸರಿ ಅವರ ಗುರಿ ಇದ್ದದ್ದು ಒಟ್ಟು ತೂಕದ ಶೇ 32ರಷ್ಟು ಇಳಿಕೆ. 48 ವಾರಗಳ ನಂತರ ಅವರು ಸರಾಸರಿ 16 ಕೆಜಿ ಇಳಿದಿದ್ದರು. ಯಾವ ಡಾಕ್ಟರಾದರೂ ಬೆನ್ನು ತಟ್ಟುವ ಫಲಿತಾಂಶ ಅದು. ಆದರೂ ಅರ್ಧಕ್ಕೆ ಹತ್ತಿರ ಮಂದಿ ತಾವೇ ಹೇಳಿದ್ದ ‘ನಿರಾಸೆಯ ತೂಕ’ವನ್ನೂ ಮುಟ್ಟಿರಲಿಲ್ಲ.

ಶಸ್ತ್ರಚಿಕಿತ್ಸೆಯ ದೀರ್ಘಕಾಲದ ಫಲದ ಬಗ್ಗೆ ಹೆಚ್ಚು ತಿಳಿಸಿಕೊಟ್ಟದ್ದು 1987ರಲ್ಲಿ ಶುರುವಾದ ಸ್ವೀಡನ್ನಿನ ಅಧ್ಯಯನ. ಬೈಪಾಸ್ ಮಾಡಿಸಿಕೊಂಡವರು ಅದರಲ್ಲಿ ಮೊದಲೆರಡು ವರ್ಷದೊಳಗೆ ಸರಾಸರಿ ಶೇ 32ರಷ್ಟು ಇಳಿದರು. ಹತ್ತು ವರ್ಷದ ಹೊತ್ತಿಗೆ ಉಳಿದದ್ದು ಶೇ 25ರ ಇಳಿಕೆ. 108 ಕೆಜಿಯ ಉದಾಹರಣೆಗೆ ಅನ್ವಯಿಸಿದರೆ 73ಕ್ಕೆ ಇಳಿದವಳು ಮತ್ತೆ 81ಕ್ಕೆ ಏರಿದಂತೆ. ಫಿನ್ಲೆಂಡಿನಲ್ಲಿ ಸ್ಲೀವ್ ಮತ್ತು ಬೈಪಾಸ್ ಎರಡನ್ನೂ ಹೋಲಿಸಿದ ಅಧ್ಯಯನದಲ್ಲಿ ಹತ್ತು ವರ್ಷದ ನಂತರ ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನವರು ಶೇ 43.5, ಬೈಪಾಸ್‌ನವರು ಶೇ 50.7 ಇಳಿಸಿಕೊಂಡಿದ್ದರು. ಅವರು ಶುರುವಿಗೆ ಸರಾಸರಿ ಬಿಎಂಐ 46ರ ಹತ್ತಿರದವರು ಎಂಬುದನ್ನೂ ಗಮನಿಸಬೇಕು. ಇದರರ್ಥ ಸರಳ. ಒಂದೂವರೆ ವರ್ಷದಲ್ಲಿ ತಕ್ಕಡಿ ತೋರಿಸುವ ಅತಿ ಕಡಿಮೆ ಅಂಕಿ ಬಹುಪಾಲು ಜನರ ಪಾಲಿಗೆ ತಂಗುದಾಣ ಮಾತ್ರ. ಅದನ್ನೇ ಗುರಿ ತೂಕ ಎಂದು ಬರೆದಿಟ್ಟುಕೊಂಡವರಿಗೆ ಮುಂದೆ ಸಹಜವಾಗಿ ಏರುವ ಐದಾರು ಕೆಜಿ ಸೋಲಿನಂತೆ ಕಾಣುತ್ತದೆ. ಐದನೇ ವರ್ಷದಲ್ಲಿ ಎಷ್ಟಿದ್ದರೆ ಸಾಕು ಎಂದು ಯೋಚಿಸಿ ಇಟ್ಟುಕೊಂಡ ಗುರಿಯೇ ಹೆಚ್ಚು ನಿಜ.

ಇಳಿಕೆ ಒಂದು ಕಡೆ ಬಂದು ನಿಲ್ಲುವುದೇಕೆ? ಮೈ ಚಿಕ್ಕದಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಇಳಿದ ತೂಕದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಕೊಬ್ಬಲ್ಲದ ಅಂಶ, ಅದರಲ್ಲಿ ಸ್ನಾಯುವೂ ಸೇರಿದೆ. ಸುಮ್ಮನೆ ಕೂತಾಗಲೂ ಕ್ಯಾಲೊರಿ ಖರ್ಚು ಮಾಡುವ ಸ್ನಾಯು ಕಡಿಮೆಯಾದರೆ ಖರ್ಚೂ ಇಳಿಯುತ್ತದೆ. ಹೊಟ್ಟೆ ಮೊದಲಿಗಿಂತ ಹೆಚ್ಚು ತೆಗೆದುಕೊಳ್ಳತೊಡಗುತ್ತದೆ, ಹಸಿವೆಯೂ ಮೆಲ್ಲಗೆ ಹಿಂತಿರುಗುತ್ತದೆ. ಬರುವುದೂ ಹೋಗುವುದೂ ಸಮವಾದ ಜಾಗದಲ್ಲಿ ತೂಕ ನಿಲ್ಲುತ್ತದೆ. ಇದರಲ್ಲಿ ಮನೋಬಲದ ಪಾಲು ಜನ ತಿಳಿದುಕೊಂಡಷ್ಟಿಲ್ಲ. ಎರಡು ಮೂರು ವಾರ ತೂಕ ಒಂದೇ ಕಡೆ ನಿಲ್ಲುವುದು ಬೇರೆ ವಿಷಯ. ಆಪರೇಷನ್ ಆದ ಮೂರನೇ ವಾರದ ಸುಮಾರಿಗೇ ಹೆಚ್ಚಿನವರು ಅದನ್ನು ಕಾಣುತ್ತಾರೆ. ಮೊದಲು ಸರಸರನೆ ಹೋದದ್ದರಲ್ಲಿ ನೀರಿನ ಪಾಲು ದೊಡ್ಡದು. ಅದು ಸ್ವಲ್ಪ ಹಿಂತಿರುಗುವಾಗ ತಕ್ಕಡಿ ಅಲುಗುವುದಿಲ್ಲ.

ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಬಹಳ. ಒಂದೇ ದಿನ, ಒಂದೇ ಸರ್ಜನ್ ಕೈಯಲ್ಲಿ ಒಂದೇ ಆಪರೇಷನ್ ಆದ ಇಬ್ಬರಲ್ಲಿ ಒಬ್ಬರು ಶೇ 20, ಇನ್ನೊಬ್ಬರು ಶೇ 35 ಇಳಿಯಬಹುದು. ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಇಳಿಯುತ್ತಾರೆ. ಇನ್ಸುಲಿನ್, ಸ್ಟೆರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ತೂಕವನ್ನು ಹಿಡಿದಿಡುತ್ತವೆ. ಮಂಡಿ ಸವೆದು ನಡೆಯಲಾಗದವರ ದಾರಿಯೂ ನಿಧಾನ. ಫ್ರಾನ್ಸಿನ ಲೀಲ್ ನಗರದ ಸರ್ಜನ್ ಫ್ರಾಂಸ್ವಾ ಪಾತ್ತು ಮತ್ತು ಸಂಗಡಿಗರು 2023ರಲ್ಲಿ ಸೋಫಿಯಾ ಎಂಬ ಲೆಕ್ಕಾಚಾರದ ಸಾಧನವನ್ನು ಪ್ರಕಟಿಸಿದರು. ತೂಕ, ಎತ್ತರ, ವಯಸ್ಸು, ಬೀಡಿ ಸಿಗರೇಟಿನ ಚಟ, ಸಕ್ಕರೆ ಕಾಯಿಲೆ ಇದೆಯೇ, ಇದ್ದರೆ ಎಷ್ಟು ವರ್ಷದಿಂದ, ಯಾವ ಬಗೆಯ ಆಪರೇಷನ್ ಎಂಬ ಏಳು ಮಾಹಿತಿ ಕೊಟ್ಟರೆ ಐದು ವರ್ಷದವರೆಗಿನ ತೂಕದ ಹಾದಿಯನ್ನು ಅದು ಅಂದಾಜು ಮಾಡುತ್ತದೆ. ಅದರ ಉತ್ತರ ಒಂದು ಅಂಕಿಯಾಗಿ ಬರುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಎಂಬ ವ್ಯಾಪ್ತಿಯಾಗಿ ಬರುತ್ತದೆ. ಗುರಿ ತೂಕವೂ ಹಾಗೇ ಇರುವುದು ಒಳ್ಳೆಯದು. 108 ಕೆಜಿಯವಳಿಗೆ 78ರಿಂದ 86 ಎಂಬುದು ಯೋಗ್ಯ ಗುರಿ. 75ಕ್ಕೆ ಇಳಿದರೆ ಸಂತೋಷ.

ಕಡಿಮೆಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಇಲ್ಲೊಂದು ಲಗಾಮು ಬೇಕು. ವರ್ಷಗಟ್ಟಲೆ ನೂರು ದಾಟಿದ ಭಾರ ಹೊತ್ತ ಮೈಯಲ್ಲಿ ಆ ಭಾರಕ್ಕೆ ತಕ್ಕ ಮೂಳೆ, ಸ್ನಾಯು ಬೆಳೆದಿರುತ್ತವೆ. ಇಳಿದ ಮೇಲೆ ಜೋಲು ಬೀಳುವ ಚರ್ಮವೇ ಕೆಲವು ಕೆಜಿ ತೂಗುತ್ತದೆ. ಅದು ಪಥ್ಯಕ್ಕೂ ವ್ಯಾಯಾಮಕ್ಕೂ ಕರಗುವಂಥದ್ದಲ್ಲ. ಇಂಥ ಮೈಯನ್ನು 59ಕ್ಕೆ ಎಳೆದು ತರಲು ಹೋದವರು ಕೊಬ್ಬು ಮುಗಿದ ಮೇಲೆ ಕಳೆದುಕೊಳ್ಳುವುದು ಸ್ನಾಯುವನ್ನೇ. ಮೊದಲೇ ಸ್ನಾಯು ಕಡಿಮೆಯಿರುವ ಭಾರತೀಯರಿಗೆ ಇದು ದುಬಾರಿ ನಷ್ಟ. ಮುಖ ಬತ್ತುವುದು, ಕೂದಲು ಉದುರುವುದು, ಕೆಳಗೆ ಕೂತವರಿಗೆ ಕೈ ಊರದೆ ಏಳಲಾಗದಿರುವುದು ಇದರ ಗುರುತುಗಳು. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಅಂಗೈಯಷ್ಟು ಜಾಗವಿರುವ ಹೊಟ್ಟೆಗೆ ಮುದ್ದೆಯನ್ನೋ ಅನ್ನವನ್ನೋ ಮೊದಲು ಇಳಿಸಿದರೆ ತೊವ್ವೆ, ಮೊಳಕೆ ಕಾಳು, ಪನೀರು, ಮೀನಿಗೆ ಜಾಗವೇ ಉಳಿಯುವುದಿಲ್ಲ. ತಟ್ಟೆಯಲ್ಲಿ ಕಾಳಿನ ಪಲ್ಯ ಮೊದಲು, ಮುದ್ದೆ ಕೊನೆಗೆ ಎಂದು ಡಯಟೀಷಿಯನ್‌ಗಳು ಹೇಳುವುದು ಇದಕ್ಕೇ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ತೂಕ ಎಲ್ಲಿ ನಿಂತರೂ ಜೀವನಪೂರ್ತಿ.

ಆರೋಗ್ಯದ ಲಾಭಗಳು ಚಾರ್ಟಿನ ತೂಕ ಬರುವವರೆಗೆ ಕಾಯುವುದಿಲ್ಲ. ಒಟ್ಟು ತೂಕದ ಶೇ 5ರಿಂದ 10 ಇಳಿದರೇ ರಕ್ತದೊತ್ತಡ, ರಕ್ತದ ಸಕ್ಕರೆ, ಲಿವರಿನ ಕೊಬ್ಬು ಸುಧಾರಿಸತೊಡಗುತ್ತವೆ. ಬೈಪಾಸ್ ಆದವರಲ್ಲಿ ಸಕ್ಕರೆ ಮಟ್ಟ ತೂಕ ಇಳಿಯುವುದಕ್ಕೂ ಮುಂಚೆ, ಕೆಲವೇ ದಿನಗಳಲ್ಲಿ ಇಳಿಯುವುದುಂಟು. ಮಂಡಿ ಸವೆದ ಹಿರಿಯರಲ್ಲಿ ನಡೆದ ಅಮೆರಿಕದ ಅಧ್ಯಯನವೊಂದರ ಪ್ರಕಾರ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕೆಜಿಯಷ್ಟು ತಗ್ಗುತ್ತದೆ. 27 ಕೆಜಿ ಇಳಿದವಳ ಮಂಡಿಗೆ ನೂರು ಕೆಜಿಗೂ ಮೀರಿದ ನಿರಾಳ. ಎಲ್ಲವೂ ಶಾಶ್ವತವೆಂದೂ ಹೇಳಲಾಗದು. ಸ್ವೀಡನ್ನಿನ ಅದೇ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಶೇ 72ರಷ್ಟು ಮಂದಿಯಲ್ಲಿ ಹತೋಟಿಗೆ ಬಂದು ಮರೆಯಾಗಿದ್ದ ಮಧುಮೇಹ, ಹತ್ತು ವರ್ಷದ ಹೊತ್ತಿಗೆ ಶೇ 36ರಷ್ಟು ಮಂದಿಯಲ್ಲಿ ಮಾತ್ರ ಹಾಗೆ ಉಳಿದಿತ್ತು. ಆದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಮಾಡಿಸಿಕೊಳ್ಳದವರಿಗಿಂತ ಕಡಿಮೆಯಿತ್ತು. ಅವರಲ್ಲಿ ಚಾರ್ಟಿನ ತೂಕಕ್ಕೆ ಬಂದವರು ವಿರಳ.

ಆದ್ದರಿಂದ ಗುರಿಯ ಕಾಗದದಲ್ಲಿ ಕೆಜಿಯ ಪಕ್ಕಕ್ಕೆ ಬೇರೆ ಸಂಗತಿಗಳೂ ಇರಬೇಕು. ಎಷ್ಟು ಮಾತ್ರೆ ಕಡಿಮೆಯಾಯಿತು, ಮೂರು ತಿಂಗಳ ಸಕ್ಕರೆಯ ಸರಾಸರಿ ಎಷ್ಟಿದೆ, ಗೊರಕೆಗೆ ಹಾಕಿಕೊಳ್ಳುವ ಯಂತ್ರ ಬಿಡಲು ಸಾಧ್ಯವಾಯಿತೇ, ಸೊಂಟದ ಸುತ್ತಳತೆ ಎಷ್ಟು ಇಳಿಯಿತು. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಮಿತಿ. ಅಲ್ಲಿಗೆ ಬರದಿದ್ದರೂ ಅತ್ತ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಬಸ್ಸಿನ ಸೀಟು, ಭಾರತೀಯ ಶೈಲಿಯ ಶೌಚಾಲಯ, ಮಗುವನ್ನು ಎತ್ತಿಕೊಂಡು ನಡೆಯುವುದು, ಪಂಕ್ತಿಯಲ್ಲಿ ನೆಲಕ್ಕೆ ಕೂತು ಊಟ ಮಾಡುವುದು ಕೆಲವರಿಗೆ ಯಾವ ಅಂಕಿಗಿಂತ ದೊಡ್ಡ ಗುರಿ. ನೆಂಟರ ಅಭಿಪ್ರಾಯವನ್ನು ಮಾತ್ರ ಈ ಕಾಗದದಲ್ಲಿ ಸೇರಿಸಬಾರದು. 100 ಇದ್ದಾಗ ದಪ್ಪ ಎಂದವರೇ 80ಕ್ಕೆ ಬಂದಾಗ “ಅಯ್ಯೋ, ಎಷ್ಟು ಸೊರಗಿಬಿಟ್ಟೆ” ಎನ್ನುತ್ತಾರೆ. ಅದೇ ಮನೆಯ ಇನ್ನೊಬ್ಬರು “ಅಷ್ಟು ದುಡ್ಡು ಸುರಿದು ಇಷ್ಟೇ ಇಳಿದದ್ದಾ” ಎನ್ನುವುದೂ ಇದ್ದದ್ದೇ.

ಗುರಿಯನ್ನು ಎರಡು ಸಲ ನಿಗದಿ ಮಾಡುವುದು ಸೂಕ್ತ. ಆಪರೇಷನ್‌ಗೆ ಮುಂಚೆ ಈಗಿನ ತೂಕದ ಶೇ 20ರಿಂದ 30ರ ಲೆಕ್ಕದಲ್ಲಿ ಒಂದು ಅಂದಾಜು, ಹನ್ನೆರಡರಿಂದ ಹದಿನೆಂಟು ತಿಂಗಳ ನಂತರ ತೂಕ ನಿಂತಾಗ ನಿಜವಾದ ಗುರಿ. ಎರಡನೆಯದರಲ್ಲಿ ಇನ್ನಷ್ಟು ಇಳಿಯಬೇಕೆಂಬುದಕ್ಕಿಂತ ಇಲ್ಲಿಂದ ಎಷ್ಟು ಏರಿದರೆ ಡಾಕ್ಟರನ್ನು ಕಾಣಬೇಕು ಎಂಬ ಗೆರೆ ಮುಖ್ಯ. ಮಕ್ಕಳು ಬೇಕೆನ್ನುವ ಹೆಂಗಸರು ಅಷ್ಟು ತಿಂಗಳು ತಡೆಯಬೇಕು. ಜೋಲು ಚರ್ಮ ತೆಗೆಸುವ ಯೋಚನೆಯೂ ತೂಕ ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆಯೇ. ತೂಕ ಗಣನೀಯವಾಗಿ ಮರಳಿದರೆ ಈಗ ಔಷಧದ ದಾರಿಯೂ ಇದೆ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಟಿರ್ಜೆಪಟೈಡ್‌ನಂಥ ಇಂಜೆಕ್ಷನ್‌ಗಳನ್ನು ಆಪರೇಷನ್ ಆದವರಿಗೂ ತಜ್ಞರು ಬಳಸುತ್ತಿದ್ದಾರೆ. ಅವು ದುಬಾರಿ, ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ. ಹಾಗಾಗಿ ಚಾರ್ಟಿನ ಅಂಕಿ ಮುಟ್ಟುವ ಆಸೆಗೆಂದು ಅವುಗಳ ಬೆನ್ನು ಹತ್ತುವುದು ಜಾಣತನವಲ್ಲ.

ಆಪರೇಷನ್‌ಗೆ ಸಹಿ ಹಾಕುವ ಮುಂಚೆ ಸರ್ಜನ್ ಬಳಿ ಕೇಳಬೇಕಾದ ಪ್ರಶ್ನೆ ಒಂದಿದೆ. ತಮ್ಮಷ್ಟೇ ತೂಕ, ವಯಸ್ಸು, ಕಾಯಿಲೆ ಇದ್ದ ಅವರ ರೋಗಿಗಳು ಐದು ವರ್ಷದ ನಂತರ ಒಟ್ಟು ತೂಕದಲ್ಲಿ ಶೇಕಡಾ ಎಷ್ಟು ಇಳಿದು ಉಳಿದಿದ್ದಾರೆ? ಅದಕ್ಕೆ ಉತ್ತರಿಸುವಷ್ಟು ದಾಖಲೆ ಇಟ್ಟಿರದ ಕಡೆ, ಹಣ ಕಟ್ಟುವ ಮೊದಲು ಇನ್ನೊಬ್ಬ ತಜ್ಞರನ್ನು ಕಂಡು ಬರುವುದು ಒಳ್ಳೆಯದು.